ಎಂಟು ವರ್ಷದ ಮಗಳನ್ನು ಆ್ಯನ್ ಆರ್ಬರ್‌ನ ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಕರೆದೊಯ್ಯುವ ಬಗ್ಗೆ ಸಲಹೆ ಬೇಕು

ಶರಾವತಿ_ಕ್ಯಾಂಟನ್ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಮಗಳು ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಸೆಪ್ಟೆಂಬರ್ ಬಂತೆಂದರೆ ಶುಕ್ರವಾರಗಳಂದು ಅವಳ ತರಗತಿಯ ಎಷ್ಟೋ ಮಕ್ಕಳು ಆ್ಯನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಹಳದಿ-ನೀಲಿ ಅಂಗಿ ತೊಟ್ಟು ಬರುತ್ತಾರೆ, ಉಳಿದವರಲ್ಲಿ ಹಲವರು ಅದರ ಎದುರಾಳಿಯಾದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹಸಿರು ಅಂಗಿಯಲ್ಲಿರುತ್ತಾರೆ. ಎರಡೂ ಇಲ್ಲದೆ ಹೋಗುವ ನಮ್ಮವಳು ಮನೆಗೆ ಬಂದು "ಅಮ್ಮ, ನಾವು ಯಾರ ಕಡೆ?" ಎಂದು ಕೇಳುತ್ತಾಳೆ. ನನ್ನ ಬಳಿ ಉತ್ತರವಿಲ್ಲ. ಶಿವಮೊಗ್ಗದಲ್ಲಿ ಕ್ರಿಕೆಟ್ ಮತ್ತು ಕಬಡ್ಡಿ ನೋಡಿ ಬೆಳೆದ ನನಗೆ ಅಮೆರಿಕನ್ ಫುಟ್‌ಬಾಲ್ ಎಂಬ ಈ ಆಟದಲ್ಲಿ ಜನ ಏಕೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂಬುದೇ ಇನ್ನೂ ಪೂರ್ತಿಯಾಗಿ ಅರ್ಥವಾಗಿಲ್ಲ.

ಈ ವರ್ಷ ಅವಳನ್ನು ಒಂದು ಪಂದ್ಯಕ್ಕೆ ಕರೆದೊಯ್ಯಬೇಕೆಂದು ನಿರ್ಧರಿಸಿದ್ದೇನೆ. ನಮ್ಮ ಯಜಮಾನರಿಗೆ ಇದರಲ್ಲಿ ಆಸಕ್ತಿಯಿಲ್ಲದ ಕಾರಣ ನಾವಿಬ್ಬರೇ ಹೋಗುವವರು. ಲಕ್ಷ ಜನ ಸೇರುವ ಜಾಗಕ್ಕೆ ಮಗುವನ್ನು ಒಬ್ಬಳೇ ಕರೆದೊಯ್ಯುವುದು ಸರಿಯೇ, ಯಾವ ಪಂದ್ಯವನ್ನು ಆರಿಸಿಕೊಳ್ಳಬೇಕು, ಶಬ್ದ ಮತ್ತು ಚಳಿಗೆ ಏನು ಸಿದ್ಧತೆ ಬೇಕು, ಸಸ್ಯಾಹಾರಿಗಳಾದ ನಮಗೆ ಅಲ್ಲಿ ತಿನ್ನಲು ಏನು ಸಿಗುತ್ತದೆ ಎಂಬುದು ನನ್ನ ಮುಖ್ಯ ಪ್ರಶ್ನೆಗಳು. ಅವಳು ಪ್ರತಿ ನಿಮಿಷಕ್ಕೂ "ಈಗ ಏನಾಯಿತು?" ಎಂದು ಕೇಳುವ ಹುಡುಗಿ. ಅವಳಿಗೆ ಹೇಳಿಕೊಡುವಷ್ಟು ಆಟವನ್ನು ನಾನು ಮೊದಲು ಕಲಿಯಬೇಕಾಗಿದೆ. ಮಕ್ಕಳೊಂದಿಗೆ ಹೋಗಿಬಂದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ_ಆರ್ಬರಿಗ ಅವರ ಉತ್ತರ

ಶರಾವತಿಯವರೇ, ನಮಸ್ಕಾರ. ನಾನು ಆ ಊರಿನಲ್ಲಿ ಓದಿದವನು, ಈಗ ನನ್ನ ಇಬ್ಬರು ಮಕ್ಕಳನ್ನೂ ಅದೇ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಿರುವವನು. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿರುತ್ತದೆ ಎಂದು ಮೊದಲೇ ತಿಳಿಸಿಬಿಡುತ್ತೇನೆ. ನೀವು ಕೇಳಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಂದ್ಯದ ಆಯ್ಕೆ. ಅದೊಂದು ಸರಿಯಾದರೆ ಉಳಿದ ಅರ್ಧದಷ್ಟು ಚಿಂತೆಗಳು ತಾವಾಗಿಯೇ ಕರಗುತ್ತವೆ.

ಮಿಷಿಗನ್ ಸ್ಟೇಡಿಯಂ 1927ರಲ್ಲಿ ಆರಂಭವಾಯಿತು. ಈಗ ಅದರ ಅಧಿಕೃತ ಸಾಮರ್ಥ್ಯ 1,07,601. ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಕ್ರೀಡಾಂಗಣ ಇನ್ನೊಂದಿಲ್ಲ. ಜನರು ಅದನ್ನು 'ಬಿಗ್ ಹೌಸ್' ಎಂದು ಕರೆಯುತ್ತಾರೆ. 1975ರ ನವೆಂಬರ್‌ನಿಂದೀಚೆಗೆ, ಕೋವಿಡ್ ಇದ್ದ 2020ರ ವರ್ಷವೊಂದನ್ನು ಬಿಟ್ಟರೆ, ಅಲ್ಲಿ ನಡೆದ ಪ್ರತಿ ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಬಂದಿದ್ದಾರೆ. ಹೀಗಾಗಿ "ಕಡಿಮೆ ಜನರಿರುವ ಪಂದ್ಯ" ಎಂಬುದು ಅಲ್ಲಿ ಇಲ್ಲವೇ ಇಲ್ಲ. ಆದರೆ ಜನರ ಉದ್ವೇಗದಲ್ಲಿ ಪಂದ್ಯದಿಂದ ಪಂದ್ಯಕ್ಕೆ ಅಜಗಜಾಂತರವಿದೆ. ನವೆಂಬರ್ ಕೊನೆಯ ಶನಿವಾರದ ಓಹಾಯೋ ಸ್ಟೇಟ್ ಪಂದ್ಯವನ್ನಾಗಲೀ ಮಿಷಿಗನ್ ಸ್ಟೇಟ್ ಪಂದ್ಯವನ್ನಾಗಲೀ ಮಗುವಿನ ಮೊದಲ ಪಂದ್ಯವಾಗಿ ಆರಿಸಿಕೊಳ್ಳಬೇಡಿ. ಆ ದಿನಗಳಲ್ಲಿ ಟಿಕೆಟ್ಟಿನ ಬೆಲೆ ಗಗನಕ್ಕೇರಿರುತ್ತದೆ, ಕುಡಿದವರ ಸಂಖ್ಯೆ ಹೆಚ್ಚಿರುತ್ತದೆ, ಸೋತರೆ ಸುತ್ತಲಿನವರ ಬಾಯಿಂದ ಬರುವ ಮಾತುಗಳು ಕೇಳುವಂಥವಲ್ಲ. ಬದಲಾಗಿ ಸೆಪ್ಟೆಂಬರ್ ಮೊದಲ ವಾರಗಳಲ್ಲಿ, ಮಿಷಿಗನ್ ಆಡುವ ಬಿಗ್ ಟೆನ್ ಒಕ್ಕೂಟಕ್ಕೆ ಸೇರದ ಸಣ್ಣ ವಿಶ್ವವಿದ್ಯಾಲಯವೊಂದು ಎದುರಾಳಿಯಾಗಿ ಬರುವ ಪಂದ್ಯವನ್ನು ನೋಡಿಕೊಳ್ಳಿ. ಟಿಕೆಟ್ ಅಗ್ಗ, ಗಾಳಿ ಬೆಚ್ಚಗೆ, ಆತಿಥೇಯ ತಂಡ ಸಾಮಾನ್ಯವಾಗಿ ಗೆಲ್ಲುತ್ತದೆ, ಅಕ್ಕಪಕ್ಕದಲ್ಲಿ ಮಕ್ಕಳೊಂದಿಗೆ ಬಂದವರೇ ಹೆಚ್ಚು. (ಸಾಮಾನ್ಯವಾಗಿ ಎಂದೆ, ಯಾವಾಗಲೂ ಎನ್ನಲಿಲ್ಲ. 2007ರ ಸೆಪ್ಟೆಂಬರ್ 1ರಂದು ಇಂಥದ್ದೇ ಒಂದು "ಸುಲಭದ" ಪಂದ್ಯದಲ್ಲಿ ಅಪಲಾಚಿಯನ್ ಸ್ಟೇಟ್ ತಂಡ 34-32ರಿಂದ ಗೆದ್ದುಹೋಯಿತು. ಅದರ ಹೆಸರೆತ್ತಿದರೆ ನಮ್ಮ ಊರಿನ ಹಿರಿಯರು ಇಂದಿಗೂ ಮಾತು ಬದಲಿಸುತ್ತಾರೆ.)

ಎರಡನೆಯದು, ಸಮಯ. ಟೆಲಿವಿಷನ್ ವಾಹಿನಿಗಳೇ ಪಂದ್ಯದ ವೇಳೆಯನ್ನು ನಿರ್ಧರಿಸುವುದರಿಂದ ಎಷ್ಟೋ ಪಂದ್ಯಗಳ ಆರಂಭದ ಗಂಟೆ ಆರು ಅಥವಾ ಹನ್ನೆರಡು ದಿನ ಮೊದಲಷ್ಟೇ ಗೊತ್ತಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗುವ ಪಂದ್ಯ ಮಕ್ಕಳಿಗೆ ಅತ್ಯುತ್ತಮ, ಮೂರೂವರೆಯದು ಪರವಾಗಿಲ್ಲ, ರಾತ್ರಿ ಏಳೂವರೆಯದು ಬೇಡವೇ ಬೇಡ. ಆಟದ ಗಡಿಯಾರ ಹದಿನೈದು ನಿಮಿಷಗಳ ನಾಲ್ಕು ಭಾಗ ಎಂದು ಹೇಳಿದರೂ ವಾಸ್ತವದಲ್ಲಿ ಮೂರೂವರೆ ಗಂಟೆ ಹಿಡಿಯುತ್ತದೆ, ರಾತ್ರಿಯ ಪಂದ್ಯ ಮುಗಿಸಿ ಕಾರು ಹೊರಗೆ ತೆಗೆಯುವಷ್ಟರಲ್ಲಿ ಮಧ್ಯರಾತ್ರಿಯಾಗುತ್ತದೆ. ಈ ಮೂರೂವರೆ ಗಂಟೆಯನ್ನು ಪೂರ್ತಿ ಕುಳಿತು ಮುಗಿಸಲೇಬೇಕೆಂಬ ಹಟವನ್ನು ಮನೆಯಲ್ಲಿಯೇ ಬಿಟ್ಟುಬನ್ನಿ. ಟಿಕೆಟ್ಟಿಗೆ ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಮಗುವನ್ನು ಕೂರಿಸಿದ ತಂದೆತಾಯಿಗಳನ್ನು ನಾನು ಪ್ರತಿವರ್ಷವೂ ನೋಡುತ್ತೇನೆ. ಮೂರನೆಯ ಭಾಗ ಮುಗಿಯುವ ಹೊತ್ತಿಗೆ ಇಬ್ಬರ ಮುಖವೂ ನೋಡುವಂತಿರುವುದಿಲ್ಲ. ಮೂರನೆಯ ಭಾಗದ ನಂತರ ಎದ್ದುಬಂದರೆ ದಟ್ಟಣೆಯೂ ತಪ್ಪುತ್ತದೆ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ನಿಜ ಹೇಳಬೇಕೆಂದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಬಹುಪಾಲು ಆಟದ ಮೊದಲಿನ ಹೊತ್ತು. ಆದ್ದರಿಂದ ಆರಂಭಕ್ಕೆ ಎರಡು-ಮೂರು ಗಂಟೆ ಮೊದಲೇ ಊರು ತಲುಪಿ. ಕ್ರೀಡಾಂಗಣದ ಎದುರಿನ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನದಲ್ಲಿಯೂ ಪಕ್ಕದ ಪಯೊನೀರ್ ಹೈಸ್ಕೂಲಿನ ಅಂಗಳದಲ್ಲಿಯೂ ಸಾವಿರಾರು ಕಾರುಗಳು ನಿಂತು, ಡಿಕ್ಕಿ ತೆರೆದುಕೊಂಡು, ಒಲೆ ಹೊತ್ತಿಸಿಕೊಂಡು ಜನ ಊಟಕ್ಕೆ ಕುಳಿತಿರುತ್ತಾರೆ. ಸುತ್ತಲಿನ ಮನೆಗಳವರು ತಮ್ಮ ಅಂಗಳದ ಹುಲ್ಲಿನ ಮೇಲೆಯೂ ಹಣ ಪಡೆದು ಕಾರು ನಿಲ್ಲಿಸಲು ಬಿಡುತ್ತಾರೆ. ನಿಮ್ಮ ಸಸ್ಯಾಹಾರದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಪುಳಿಯೋಗರೆ, ಚಪಾತಿ-ಪಲ್ಯ, ಕೋಡುಬಳೆ ಏನು ಬೇಕಾದರೂ ಕಟ್ಟಿಕೊಂಡು ಬಂದು ಕಾರಿನ ಬಳಿ ಹೊಟ್ಟೆ ತುಂಬ ತಿಂದೇ ಒಳಗೆ ಹೋಗಿ. ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಒಳಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ನಾಚೋಸ್, ಚೀಸ್ ಪಿಜ್ಜಾಗಳ ಆಚೆಗೆ ನಮಗೆ ಹೆಚ್ಚೇನೂ ಸಿಗದು, ಬೆಲೆಯಂತೂ ವಿಮಾನ ನಿಲ್ದಾಣದ್ದು.

ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಬೆಂಚಿನ ಮೇಲೆ ಕುಳಿತಿರಬೇಕು. ಏಕೆಂದರೆ ಮುನ್ನೂರಕ್ಕೂ ಹೆಚ್ಚು ವಾದಕರ ಮಾರ್ಚಿಂಗ್ ಬ್ಯಾಂಡ್ ಸುರಂಗದಂಥ ದಾರಿಯಿಂದ ಮೊಣಕಾಲು ಎತ್ತೆತ್ತಿ ಓಡುತ್ತ ಮೈದಾನಕ್ಕೆ ನುಗ್ಗುವುದನ್ನು ಯಾವ ಮಗುವೂ ತಪ್ಪಿಸಿಕೊಳ್ಳಬಾರದು. ಅವರ ಮುಂದಾಳು ನಿಂತಲ್ಲಿಯೇ ಹಿಂದಕ್ಕೆ ಬಾಗಿ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾನೆ. ನಂತರ ಆಟಗಾರರು ಓಡಿಬಂದು ನೀಲಿ ಬ್ಯಾನರಿನ ಕೆಳಗೆ ಹಾರಿ ಅದನ್ನು ಕೈಯಿಂದ ಮುಟ್ಟುತ್ತಾರೆ. ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ 1898ರಲ್ಲಿ ರಚಿಸಿದ 'ದಿ ವಿಕ್ಟರ್ಸ್' ಎಂಬ ಹಾಡಿಗೆ ಲಕ್ಷ ಜನರು ಒಟ್ಟಿಗೆ ಮುಷ್ಟಿ ಎತ್ತುತ್ತಾರೆ. ಆ 'ಹೇಲ್' ಎಂಬ ಕೂಗಿನ ಭಾಗವನ್ನು ಮಗಳಿಗೆ ಮನೆಯಲ್ಲಿಯೇ ಕಲಿಸಿಬಿಟ್ಟರೆ ಅವಳಿಗೆ ಅಲ್ಲಿ ಹೊರಗಿನವಳು ಎನಿಸುವುದಿಲ್ಲ. ಇನ್ನೊಂದು ಎಚ್ಚರಿಕೆ: ಗೊಂಬೆಯ ವೇಷ ತೊಟ್ಟ ಪ್ರಾಣಿಯನ್ನು ನಿರೀಕ್ಷಿಸಿಕೊಂಡು ಬರುವ ಮಕ್ಕಳು ನಿರಾಶರಾಗುತ್ತಾರೆ. ತಂಡದ ಹೆಸರು ವೂಲ್ವರೀನ್ಸ್ (ವೂಲ್ವರೀನ್ ಒಂದು ಕಾಡುಪ್ರಾಣಿ) ಎಂದಿದ್ದರೂ ಮಿಷಿಗನ್‌ಗೆ ಅಂಥ ವೇಷಧಾರಿ ಇಲ್ಲ.

ಆಸನಗಳೆಂದರೆ ಸಂಖ್ಯೆ ಬರೆದ ಉದ್ದನೆಯ ಬೆಂಚುಗಳು. ಒಬ್ಬರಿಗೆ ಇಟ್ಟಿರುವ ಜಾಗ ತೀರ ಕಿರಿದು. ಮಗು ಪಕ್ಕದಲ್ಲಿದ್ದರೆ ನಿಮಗೆ ಅನುಕೂಲವೇ. ವಿದ್ಯಾರ್ಥಿಗಳ ವಿಭಾಗದಿಂದ ದೂರವಿರಿ, ಅಲ್ಲಿ ಆರಂಭದಿಂದ ಕೊನೆಯವರೆಗೂ ಎಲ್ಲರೂ ನಿಂತೇ ಇರುತ್ತಾರೆ, ಕೆಲವು ಘೋಷಣೆಗಳೂ ಎಂಟು ವರ್ಷದವರಿಗಲ್ಲ. ಮೇಲಿನ ಸಾಲುಗಳು, ಅದರಲ್ಲಿಯೂ ಹಾದಿಯ ಪಕ್ಕದ ಜಾಗ, ಮಗುವಿಗೆ ಉತ್ತಮ: ಶೌಚಾಲಯಕ್ಕೆ ಹತ್ತಿರ, ಇಡೀ ಮೈದಾನ ಒಂದೇ ನೋಟಕ್ಕೆ ಕಾಣುತ್ತದೆ. ಮೈದಾನವು ನೆಲಮಟ್ಟಕ್ಕಿಂತ ಬಹಳ ಕೆಳಗಿದೆ, ಹೊರಗಿನಿಂದ ನೋಡಿದರೆ ಇಷ್ಟು ದೊಡ್ಡ ಕ್ರೀಡಾಂಗಣ ಎಂದು ಗೊತ್ತೇ ಆಗದು. ಬಾಗಿಲಿನಿಂದ ಒಳಗೆ ಕಾಲಿಟ್ಟೊಡನೆ ನೀವು ಮೇಲ್ಭಾಗದ ಸಾಲುಗಳ ಬಳಿಯೇ ಇರುತ್ತೀರಿ. ಪಶ್ಚಿಮದ ಕಡೆ ಕುಳಿತರೆ ಮಧ್ಯಾಹ್ನದ ಬಿಸಿಲು ಬೆನ್ನಿಗೆ, ಪೂರ್ವದ ಕಡೆ ಕುಳಿತರೆ ಕಣ್ಣಿಗೆ.

ಇಪ್ಸಿ_ಪಕ್ಷಪಾತಿ ಅವರ ಉತ್ತರ

ಮೇಲಿನವರ ಸಲಹೆಗಳೆಲ್ಲ ಸರಿಯಾದವೇ, ಆದರೆ ಮೂಲ ಪ್ರಶ್ನೆಗೆ ನನ್ನ ಉತ್ತರ ಬೇರೆ. ಮೊದಲ ಪಂದ್ಯಕ್ಕೆ ಬಿಗ್ ಹೌಸ್ ಏಕೆ ಬೇಕು? ಅಲ್ಲಿಂದ ಕೆಲವೇ ಮೈಲು ದೂರದ ಇಪ್ಸಿಲ್ಯಾಂಟಿಯಲ್ಲಿ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ರೈನಿಯರ್ಸನ್ ಸ್ಟೇಡಿಯಂ ಇದೆ, ಕ್ಯಾಂಟನ್‌ನಿಂದಲೂ ಹತ್ತಿರ. ಸುಮಾರು ಮೂವತ್ತು ಸಾವಿರ ಜನರಿಗೆ ಜಾಗವಿದ್ದರೂ ಬಹಳಷ್ಟು ದಿನ ಖಾಲಿ ಬೆಂಚುಗಳೇ ಹೆಚ್ಚು. ಮಗು ಬೇಸತ್ತರೆ ಎದ್ದು ಓಡಾಡಬಹುದು, ಮೈದಾನದ ಅಂಚಿನವರೆಗೂ ಹೋಗಿ ನಿಲ್ಲಬಹುದು. ಆಟಗಾರರು ಡಿಕ್ಕಿ ಹೊಡೆದುಕೊಳ್ಳುವ ಸದ್ದು, ತರಬೇತುದಾರರು ಕೂಗುವ ಮಾತು ಎಲ್ಲವೂ ಕಿವಿಗೆ ಬೀಳುತ್ತದೆ. 2014ರಿಂದ ಅಲ್ಲಿನ ಮೈದಾನದ ಕೃತಕ ಹುಲ್ಲು ಬೂದು ಬಣ್ಣದ್ದು, ನನ್ನ ಮಗನಿಗೆ ಅದೊಂದೇ ಸಾಕಾಗಿತ್ತು ಊರಿಡೀ ಹೇಳಿಕೊಂಡು ತಿರುಗಲು.

ಲಕ್ಷ ಜನರ ನಡುವೆ ನೀವು ನೋಡುವುದು ಜನರನ್ನು, ಆಟವನ್ನಲ್ಲ. ಆಟ ಕಲಿಯಬೇಕೆನ್ನುವ ತಾಯಿಗೆ, ಪ್ರತಿ ನಿಮಿಷಕ್ಕೂ ಪ್ರಶ್ನೆ ಕೇಳುವ ಮಗುವಿಗೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಜಾಗವೇ ಬೇಕು. ಇನ್ನೂ ಸಣ್ಣದು ಬೇಕೆಂದರೆ ಮಿಷಿಗನ್‌ನಲ್ಲಿ ಕಾಲೇಜು ಕ್ರೀಡೆಯ ಮೂರನೆಯ ವಿಭಾಗದ (ಡಿವಿಷನ್ 3) ಕಾಲೇಜುಗಳು ಹಲವು ಇವೆ. ಆ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನವೇ ಇಲ್ಲ, ಓದಲು ಬಂದ ಹುಡುಗರು ಇಷ್ಟಪಟ್ಟು ಆಡುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪರಿಸ್ಥಿತಿ ಹಾಗಿಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಜಾಹೀರಾತಿನ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡುತ್ತಿವೆ, ಮೊದಲ ವರ್ಷಕ್ಕೆ ಒಂದು ಸಂಸ್ಥೆಗೆ ಹಾಕಿದ ಮಿತಿಯೇ 2 ಕೋಟಿ ಡಾಲರಿಗೂ ಮೇಲೆ. ಬೆವರು ಸುರಿಸಿದವರಿಗೆ ಪಾಲು ಸಿಗುವುದು ನ್ಯಾಯವೇ ಎಂದು ನಾನು ಭಾವಿಸುತ್ತೇನೆ. ಆದರೆ ಮಗಳು "ಇವರು ನಮ್ಮ ಪಕ್ಕದ ಮನೆಯ ಅಣ್ಣನ ಹಾಗೆ ಕಾಲೇಜಿಗೆ ಹೋಗುವವರಾ?" ಎಂದು ಕೇಳಿದರೆ ಇಪ್ಸಿಲ್ಯಾಂಟಿಯಲ್ಲಿ ಉತ್ತರ ಹೇಳುವುದು ಸುಲಭ.

ಭದ್ರಾ_ಅಯೋವಾ ಅವರ ಉತ್ತರ

ನಾನು ಮಿಷಿಗನ್‌ನವಳಲ್ಲ, ಅಯೋವಾ ಸಿಟಿಯಲ್ಲಿರುವವಳು. ಆದರೂ ಇಬ್ಬರು ಹೆಣ್ಣುಮಕ್ಕಳನ್ನು ಪಂದ್ಯಗಳಿಗೆ ಕರೆದೊಯ್ದ ಅನುಭವದಿಂದ ಎರಡು ಮಾತು ಸೇರಿಸುತ್ತೇನೆ.

ಶರಾವತಿ ಅಕ್ಕ, ಶಬ್ದದ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ಮಕ್ಕಳ ಅಳತೆಯ ಕಿವಿಮುಚ್ಚುಗಗಳು, ವಿಮಾನ ನಿಲ್ದಾಣದ ಕೆಲಸಗಾರರು ಹಾಕಿಕೊಳ್ಳುವಂಥವು, ಅಂಗಡಿಗಳಲ್ಲಿ ಸಿಗುತ್ತವೆ. ಪಂದ್ಯದ ದಿನ ಮೊದಲ ಬಾರಿಗೆ ಹಾಕಿದರೆ ಕಿತ್ತೆಸೆಯುತ್ತಾರೆ, ಆದ್ದರಿಂದ ಹಿಂದಿನ ವಾರ ಮನೆಯಲ್ಲಿ ಹಾಕಿಸಿ ಅಭ್ಯಾಸ ಮಾಡಿಸಿ. ಶಬ್ದ ಯಾವಾಗ ಏರುತ್ತದೆ ಎಂಬುದನ್ನು ಮೊದಲೇ ಊಹಿಸಬಹುದು: ಎದುರಾಳಿಗಳ ಕೈಯಲ್ಲಿ ಚೆಂಡಿದ್ದು, ಅವರಿಗಿರುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು ನಡೆಯುವಾಗ, ಅವರಿಗೆ ತಮ್ಮವರ ಸಂಕೇತಗಳು ಕೇಳಿಸದಿರಲೆಂದು ಜನ ಬೇಕೆಂದೇ ಕಿರುಚುತ್ತಾರೆ. ನಮ್ಮವರ ಕೈಯಲ್ಲಿ ಚೆಂಡಿರುವಾಗ ಅದೇ ಜನ ಮೌನವಾಗುತ್ತಾರೆ. ಇದನ್ನು ಮಗುವಿಗೆ ಹೇಳಿಟ್ಟರೆ ಭಯವಾಗುವ ಬದಲು ತಾನೂ ಕಿರುಚಲು ಕಾಯುತ್ತದೆ.

ಕಳೆದುಹೋಗುವ ಭಯಕ್ಕೆ ಸರಳವಾದ ಉಪಾಯವೆಂದರೆ ನಿಮ್ಮ ದೂರವಾಣಿ ಸಂಖ್ಯೆ ಮತ್ತು ಆಸನದ ವಿಭಾಗ-ಸಾಲು-ಸಂಖ್ಯೆಯನ್ನು ಅವಳ ಮುಂಗೈ ಮೇಲೆ ಅಳಿಸದ ಶಾಯಿಯಿಂದ ಬರೆಯುವುದು. ಅಷ್ಟು ಜನ ಸೇರಿದಾಗ ಮೊಬೈಲ್ ಜಾಲ ಕೈಕೊಡುತ್ತದೆ. ಟಿಕೆಟ್ಟುಗಳನ್ನು ಮನೆಯಲ್ಲಿಯೇ ಫೋನಿನ ವಾಲೆಟ್‌ಗೆ ಇಳಿಸಿಕೊಂಡು ಹೊರಡಿ. ಚೀಲದ ನಿಯಮ ಒಂದೊಂದು ಕ್ರೀಡಾಂಗಣದಲ್ಲಿ ಒಂದೊಂದು ರೀತಿ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಕೈಚೀಲ ಒಯ್ಯುವಂತಿಲ್ಲ ಎಂದೇ ಭಾವಿಸಿ ಜೇಬುಗಳಿರುವ ಜಾಕೆಟ್ ಹಾಕಿಕೊಳ್ಳಿ, ಆ ವಾರದ ನಿಯಮವನ್ನು ವಿಶ್ವವಿದ್ಯಾಲಯದ ಪುಟದಲ್ಲಿ ಓದಿಕೊಳ್ಳಿ. ಅಕ್ಟೋಬರ್ ದಾಟಿದ ಮೇಲೆ ಹೋಗುವುದಾದರೆ ಲೋಹದ ಬೆಂಚು ಮತ್ತು ಕಾಂಕ್ರೀಟು ಎರಡೂ ಮೈಯ ಶಾಖವನ್ನು ಹೀರಿಬಿಡುತ್ತವೆ. ಕೂರುವುದಕ್ಕೊಂದು ದಪ್ಪ ಬಟ್ಟೆ, ಕಾಲಿನ ಕೆಳಗೆ ಹಾಸಲು ರಟ್ಟಿನ ತುಂಡು ಇದ್ದರೆ ಜಾಕೆಟ್ಟಿಗಿಂತ ಹೆಚ್ಚಿನ ಉಪಕಾರವಾಗುತ್ತದೆ.

ಇಪ್ಸಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ದೊಡ್ಡ ಜನಸಮೂಹವೂ ಮಗುವಿಗೆ ಏನನ್ನೋ ತೋರಿಸುತ್ತದೆ. ನಮ್ಮ ಕಿನಿಕ್ ಸ್ಟೇಡಿಯಂನ ಪಕ್ಕದಲ್ಲಿಯೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡವಿದೆ, ಮೇಲಿನ ಮಹಡಿಗಳಿಂದ ಮೈದಾನ ನೇರವಾಗಿ ಕಾಣುತ್ತದೆ. 2017ರಿಂದ ಪ್ರತಿ ಪಂದ್ಯದ ಮೊದಲ ಭಾಗ ಮುಗಿದೊಡನೆ ಎರಡೂ ತಂಡಗಳ ಆಟಗಾರರು, ತೀರ್ಪುಗಾರರು, ಎದುರಾಳಿಯ ಅಭಿಮಾನಿಗಳು ಸೇರಿದಂತೆ ಸುಮಾರು ಎಪ್ಪತ್ತು ಸಾವಿರ ಜನ ಆ ಕಿಟಕಿಗಳ ಕಡೆಗೆ ತಿರುಗಿ ಕೈ ಬೀಸುತ್ತಾರೆ. ಅಲ್ಲಿ ದಾಖಲಾಗಿರುವ ಮಕ್ಕಳು ತಂದೆತಾಯಿಗಳೊಂದಿಗೆ ಕಿಟಕಿಯ ಬಳಿ ನಿಂತು ಮರಳಿ ಕೈ ಬೀಸುತ್ತಾರೆ. ನನ್ನ ಕಿರಿಯವಳು ಯಾರು ಗೆದ್ದರೆಂಬುದನ್ನು ಮನೆಗೆ ಬರುವ ಮೊದಲೇ ಮರೆತಿದ್ದಳು, ಆ ಮಕ್ಕಳಿಗೆ ಏನಾಗಿದೆ ಎಂಬ ಪ್ರಶ್ನೆಯನ್ನು ಮಾತ್ರ ವಾರವಿಡೀ ಕೇಳಿದಳು. ಮೂರು ಸಾವಿರ ಜನರಿರುವ ಮೈದಾನದಲ್ಲಿ ಅದೇ ಕೆಲಸವನ್ನು ಮಾಡಿದರೂ ಹಾಗೆ ನಾಟುತ್ತಿತ್ತೆಂದು ನನಗನಿಸುವುದಿಲ್ಲ.

ಶರಾವತಿ_ಕ್ಯಾಂಟನ್ ಅವರ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮಗಳಿಗೂ ಓದಿ ಹೇಳಿದೆ. ತಲೆ ನೆಲಕ್ಕೆ ಮುಟ್ಟಿಸುವವನನ್ನು ನೋಡದೆ ಬಿಡುವುದಿಲ್ಲ ಎಂದು ಅವಳು ತೀರ್ಮಾನಿಸಿಯಾಗಿದೆ. ಹಾಗಾಗಿ ಇಪ್ಸಿಯವರು ಕ್ಷಮಿಸಬೇಕು, ಸೆಪ್ಟೆಂಬರಿನ ಒಂದು ಪಂದ್ಯಕ್ಕೆ ಆ್ಯನ್ ಆರ್ಬರ್‌ಗೇ ಹೋಗುತ್ತೇವೆ. ಮೂರು ವಿಷಯಗಳು ಉಳಿದಿವೆ. ಆಟದ ನಿಯಮಗಳನ್ನು ಇನ್ನೂ ಯಾರೂ ಹೇಳಲಿಲ್ಲ. ಎರಡನೆಯದು ಅವಳದೇ ಪ್ರಶ್ನೆ: "ಇದರಲ್ಲಿ ಹುಡುಗಿಯರು ಏಕೆ ಆಡುವುದಿಲ್ಲ?" ಮೂರನೆಯದು ನನ್ನದು: ಇದನ್ನು ನೋಡಿದ ಮೇಲೆ ತಾನೂ ಆಡುತ್ತೇನೆ ಎಂದು ಹಟ ಹಿಡಿದರೆ ತಲೆಗೆ ಪೆಟ್ಟಾಗುವ ಈ ಆಟಕ್ಕೆ ಹೇಗೆ ಒಪ್ಪಲಿ, ಅಥವಾ ಹೇಗೆ ಬೇಡವೆನ್ನಲಿ?

ನಾಲ್ಕನೇ_ಡೌನ್ ಅವರ ಉತ್ತರ

ನಿಯಮಗಳನ್ನು ನಾನು ಹೇಳುತ್ತೇನೆ. ಮಗುವಿಗೆ ಒಂದೇ ಒಂದು ನಿಯಮ ಸಾಕು: ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಒಂದು ಪ್ರಯತ್ನಕ್ಕೆ ಡೌನ್ ಎನ್ನುತ್ತಾರೆ. ಕ್ರಿಕೆಟ್ಟಿನಲ್ಲಿ ಉಳಿದ ಎಸೆತಗಳು ಮತ್ತು ಬೇಕಾದ ಓಟಗಳನ್ನು ಲೆಕ್ಕ ಹಾಕುತ್ತ ಕೂರುತ್ತೇವಲ್ಲ, ಇಲ್ಲಿ ಉಳಿದ ಡೌನ್‌ಗಳು ಮತ್ತು ಬೇಕಾದ ಗಜಗಳನ್ನು ಹಾಗೆಯೇ ಲೆಕ್ಕ ಹಾಕುವುದು. ಹಲಗೆಯ ಮೇಲೆ "ಮೂರನೆಯದು, ಏಳು" ಎಂದಿದ್ದರೆ ಇದು ಮೂರನೆಯ ಪ್ರಯತ್ನ, ಇನ್ನೂ ಏಳು ಗಜ ಬೇಕು ಎಂದರ್ಥ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಪ್ರಯತ್ನಗಳು ಹೊಸದಾಗಿ ಸಿಗುತ್ತವೆ. ದಾಟುವ ಭರವಸೆಯಿಲ್ಲದಿದ್ದರೆ ನಾಲ್ಕನೆಯ ಪ್ರಯತ್ನದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ, ಇಲ್ಲವೇ ಹತ್ತಿರವಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುತ್ತಾರೆ. ಕೊನೆಯ ಗೆರೆಯನ್ನು ಚೆಂಡಿನೊಂದಿಗೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೆ ಒದ್ದು ಇನ್ನೊಂದು ಅಂಕ, ಅಥವಾ ಓಡಿ ಇಲ್ಲವೇ ಎಸೆದು ಎರಡು ಅಂಕ. ಜನ ಒಬ್ಬರ ಮೇಲೊಬ್ಬರು ಬೀಳುವುದು ಆ ಹತ್ತು ಗಜಕ್ಕಾಗಿಯೇ, ಬೇರೆ ರಹಸ್ಯವೇನೂ ಇಲ್ಲ.

ಕ್ರೀಡಾಂಗಣದಲ್ಲಿ ಕುಳಿತಾಗ ಟಿವಿಯಲ್ಲಿ ಕಾಣುವ ಹಳದಿ ಗೆರೆ ನೆಲದ ಮೇಲೆ ಇರುವುದಿಲ್ಲ. ಅಂಚಿನಲ್ಲಿ ಇಬ್ಬರು ಕೋಲು ಹಿಡಿದು ನಿಂತಿರುತ್ತಾರೆ, ಅವುಗಳ ನಡುವಿನ ಸರಪಳಿಯ ಉದ್ದವೇ ಹತ್ತು ಗಜ. ಮಗಳ ಕಣ್ಣಿಗೆ ಮೊದಲು ಆ ಕೋಲುಗಳನ್ನು ತೋರಿಸಿ. ಆಟ ಆಗಾಗ ಕಾರಣವಿಲ್ಲದೆ ನಿಂತಂತೆ ಕಂಡರೆ ಅದು ಟಿವಿ ಜಾಹೀರಾತಿನ ಹೊತ್ತು. ಅಂಚಿನಲ್ಲಿ ನಿಂತ ಟಿವಿಯವರೊಬ್ಬರು ಸನ್ನೆ ಕೊಡುವವರೆಗೂ ಮೈದಾನದ ಇಪ್ಪತ್ತೆರಡು ಮಂದಿ ಕಾಯುತ್ತಾರೆ. ನೇರ ಪಂದ್ಯಕ್ಕೆ ಹೋದವರಿಗೆ ಅತ್ಯಂತ ಕಿರಿಕಿರಿ ಉಂಟುಮಾಡುವುದು ಇದೇ, ಮಗುವಿನ ಪ್ರಶ್ನೆಗಳಿಗೆ ಉತ್ತರ ಹೇಳಲು ಅತ್ಯಂತ ಅನುಕೂಲವಾದ ಹೊತ್ತೂ ಇದೇ.

ಹುಡುಗಿಯರ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವಿದೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಾಕರ್ ಗೋಲ್‌ಕೀಪರ್ ಆಗಿದ್ದ ಸಾರಾ ಫುಲ್ಲರ್ 2020ರ ನವೆಂಬರ್ 28ರಂದು ಮಿಸೌರಿ ವಿರುದ್ಧ ಚೆಂಡು ಒದ್ದು, ದೇಶದ ಆಗಿನ ಐದು ಪ್ರಬಲ ಒಕ್ಕೂಟಗಳ ಪಂದ್ಯದಲ್ಲಿ ಆಡಿದ ಮೊದಲ ಮಹಿಳೆಯಾದರು. ಅದಾದ ಎರಡು ವಾರಕ್ಕೆ ಟೆನೆಸೀ ವಿರುದ್ಧ ಅಂಕವನ್ನೂ ಗಳಿಸಿದರು. ನಿಯಮ ಹೆಣ್ಣುಮಕ್ಕಳನ್ನು ತಡೆಯುವುದಿಲ್ಲ, ಆದರೆ ನೂರು ಕಿಲೋ ಮೀರಿದ ಮೈಗಳು ಡಿಕ್ಕಿ ಹೊಡೆಯುವ ಆಟದಲ್ಲಿ ಅವರಿಗೆ ತೆರೆದಿರುವ ಬಾಗಿಲು ಬಹುಮಟ್ಟಿಗೆ ಒದೆಯುವ ಸ್ಥಾನವೊಂದೇ ಎಂದು ಪ್ರಾಮಾಣಿಕವಾಗಿ ಹೇಳಬಹುದು. ನಿಮ್ಮ ಮಗಳು ಮೆಚ್ಚಿಕೊಂಡಿರುವ ಮಾರ್ಚಿಂಗ್ ಬ್ಯಾಂಡಿನಲ್ಲಿ ಕೂಡ 1972ರವರೆಗೆ ಹುಡುಗಿಯರಿಗೆ ಜಾಗವಿರಲಿಲ್ಲ. ಈಗ ತುತ್ತೂರಿ, ಡೋಲು, ಧ್ವಜ ಎಲ್ಲದರಲ್ಲಿಯೂ ಇದ್ದಾರೆ. ದುರ್ಬೀನು ಒಯ್ದು ಹುಡುಕಿ ತೋರಿಸಿ.

ಮೂರು_ಮಕ್ಕಳ_ತಂದೆ ಅವರ ಉತ್ತರ

ಕೊನೆಯ ಪ್ರಶ್ನೆಯನ್ನು ನಮ್ಮ ಮನೆಯಲ್ಲಿಯೂ ಎದುರಿಸಿದ್ದೇವೆ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಗೂ ಮುಂದೆ ಮಿದುಳಿಗೆ ಬರುವ ಸಿ.ಟಿ.ಇ. ಎಂಬ ಕಾಯಿಲೆಗೂ ಸಂಬಂಧವಿದೆ ಎಂಬುದು ಈಗ ಅಮೆರಿಕದಲ್ಲಿ ಎಲ್ಲರೂ ಬಲ್ಲ ಸಂಗತಿ. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟುಗಳಷ್ಟೇ ಅಲ್ಲ, ಗಮನಕ್ಕೆ ಬಾರದ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಸೇರಿಕೊಳ್ಳುವುದೂ ಅದಕ್ಕೆ ಕಾರಣ. ಶಿರಸ್ತ್ರಾಣ ತಲೆಬುರುಡೆಯನ್ನು ಕಾಯುತ್ತದೆಯೇ ಹೊರತು ಒಳಗೆ ಮಿದುಳು ಅಲುಗಾಡುವುದನ್ನು ತಡೆಯಲಾರದು. ಕಾಲೇಜು ಆಟದಲ್ಲಿ 2013ರಿಂದ, ಎದುರಾಳಿಯ ತಲೆಯನ್ನು ಗುರಿಯಾಗಿಸಿ ಡಿಕ್ಕಿ ಹೊಡೆದ ಆಟಗಾರನನ್ನು ಪಂದ್ಯದಿಂದಲೇ ಹೊರಹಾಕುತ್ತಾರೆ. ನೀವು ಹೋದ ದಿನ ಅಂಥದ್ದು ನಡೆದರೆ ತೀರ್ಪುಗಾರರು ಟಿವಿ ಚಿತ್ರವನ್ನು ಮತ್ತೆ ಮತ್ತೆ ನೋಡುವುದನ್ನು ಮಗಳಿಗೆ ವಿವರಿಸಿ. ಆಟಗಾರನೊಬ್ಬ ಬಿದ್ದು ಏಳದಿದ್ದರೆ ಎರಡೂ ತಂಡದವರು ಒಂದು ಮೊಣಕಾಲೂರಿ ಕುಳಿತು ಕಾಯುತ್ತಾರೆ, ಇಡೀ ಕ್ರೀಡಾಂಗಣ ಸ್ತಬ್ಧವಾಗುತ್ತದೆ. ಮಕ್ಕಳು ಹೆದರುವ ಘಳಿಗೆ ಅದು. ಹಾಗಾಗಬಹುದೆಂದು ಮೊದಲೇ ಹೇಳಿಟ್ಟಿರಿ.

ನಮ್ಮ ಎರಡನೆಯವನು ಆಡುತ್ತೇನೆಂದಾಗ ನಾವು ಬೇಡವೆಂದೇ ಹೇಳಿದೆವು, ಆದರೆ ಬರಿಗೈಯಲ್ಲಿ ಬೇಡವೆನ್ನಲಿಲ್ಲ. ಫ್ಲ್ಯಾಗ್ ಫುಟ್‌ಬಾಲ್ ಎಂಬ ರೂಪವಿದೆ. ಅದರಲ್ಲಿ ಮೈ ಮೇಲೆ ಬೀಳುವಂತಿಲ್ಲ, ಸೊಂಟದಲ್ಲಿ ನೇತುಹಾಕಿದ ಬಟ್ಟೆಯ ಪಟ್ಟಿಯನ್ನು ಕಿತ್ತರೆ ಆಟಗಾರ ನಿಲ್ಲಬೇಕು. ಓಟ, ಎಸೆತ, ಹಿಡಿತ, ನಾಲ್ಕು ಪ್ರಯತ್ನಗಳ ಲೆಕ್ಕಾಚಾರ ಎಲ್ಲವೂ ಅಲ್ಲಿವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಅದರ ಸ್ಪರ್ಧೆಯಿದೆ. ಎಂಟು ವರ್ಷದ ಹುಡುಗಿಗೆ ನಿಮ್ಮ ಊರಿನ ಮನರಂಜನಾ ವಿಭಾಗದವರನ್ನು ವಿಚಾರಿಸಿ ನೋಡಿ. ಅವಳ "ಹುಡುಗಿಯರು ಏಕೆ ಇಲ್ಲ" ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ಇನ್ನೂ ಚೆನ್ನಾಗಿರುತ್ತದೆ. ಹಾಗೆಂದು ಪೆಟ್ಟಿನ ಆಟವನ್ನು ಬೆಂಚಿನಲ್ಲಿ ಕುಳಿತು ನೋಡಿ ಚಪ್ಪಾಳೆ ತಟ್ಟುವ ನಾವು, ಅದನ್ನು ಬೇರೆಯವರ ಮಕ್ಕಳು ಆಡಲಿ ಎನ್ನುತ್ತಿದ್ದೇವಲ್ಲ ಎಂಬ ಮುಜುಗರ ನನಗಿನ್ನೂ ಹೋಗಿಲ್ಲ.

ಹಳೆಯ_ಆರ್ಬರಿಗ ಅವರ ಉತ್ತರ

ಇನ್ನೆರಡು ಸಣ್ಣ ವಿವರಗಳನ್ನು ಸೇರಿಸುತ್ತೇನೆ. ಸೆಪ್ಟೆಂಬರ್ ಮಧ್ಯಾಹ್ನದ ಪಂದ್ಯದಲ್ಲಿ ನೆರಳು ಎಲ್ಲಿಯೂ ಇರುವುದಿಲ್ಲ, ಟೋಪಿ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ. ಅಂಗಿಯನ್ನು ಕ್ರೀಡಾಂಗಣದ ಒಳಗೆ ಕೊಳ್ಳಬೇಡಿ. ನಿಮ್ಮ ಊರಿನ ಸಾಮಾನ್ಯ ಅಂಗಡಿಗಳಲ್ಲಿಯೇ ಮಕ್ಕಳ ಅಳತೆಯ ಹಳದಿ-ನೀಲಿ ಅಂಗಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಮುಂದಿನ ಶುಕ್ರವಾರ ಶಾಲೆಗೂ ಆಯಿತು. ಮನೆಯಲ್ಲಿ ಹಸಿರು ಅಂಗಿ ಇದ್ದರೆ ಅಂದು ಅದನ್ನು ಕಪಾಟಿನಲ್ಲಿಯೇ ಬಿಡಿ.

ಭದ್ರಾ ಅವರೇ, ಆ ಕೈ ಬೀಸುವ ವಿಷಯದಲ್ಲಿ ಅಯೋವಾದವರ ಮುಂದೆ ನಮ್ಮದೇನೂ ಇಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಶರಾವತಿಯವರೇ, ಪಂದ್ಯದ ವೇಳೆ ಪ್ರಕಟವಾದೊಡನೆ ಇಲ್ಲಿ ತಿಳಿಸಿ. ಅದೇ ಪಂದ್ಯಕ್ಕೆ ನಾವೂ ಬರುವುದಾದರೆ ಗಾಲ್ಫ್ ಮೈದಾನದಲ್ಲಿ ನಮ್ಮ ಕಾರಿನ ಬಳಿ ನಿಮಗಿಬ್ಬರಿಗೂ ಜಾಗವಿರುತ್ತದೆ. ನಿಮ್ಮ ಪುಳಿಯೋಗರೆ ಸ್ವಲ್ಪ ಹೆಚ್ಚಿಗೆ ಬರಲಿ.